ಜರ್ಮನಿಯಲ್ಲಿ ಓದುವವರು ಮತ್ತು ಅವರ ಕುಟುಂಬದವರು ವಾಸ್ತವ್ಯದ ಹಕ್ಕನ್ನು ಉಳಿಸಿಕೊಳ್ಳುವ ಬಗೆ

ಜರ್ಮನಿಯಲ್ಲಿ ವಿದೇಶಿಯರಿಗೆ ಕೊಡುವ ತಾತ್ಕಾಲಿಕ ವಾಸ್ತವ್ಯ ಪರವಾನಗಿ ಯಾವಾಗಲೂ ಒಂದು ಗೊತ್ತಾದ ಉದ್ದೇಶಕ್ಕಾಗಿಯೇ ಇರುತ್ತದೆ. ಓದಲು ಬಂದವರಿಗೆ ವಾಸ್ತವ್ಯ ಕಾಯ್ದೆಯ 16ಬಿ ಕಲಮಿನ ಅಡಿಯಲ್ಲಿ, ಅವರ ಪತಿ ಅಥವಾ ಪತ್ನಿಗೆ 30ನೇ ಕಲಮಿನ ಅಡಿಯಲ್ಲಿ, ಮಕ್ಕಳಿಗೆ 32ನೇ ಕಲಮಿನ ಅಡಿಯಲ್ಲಿ ಪರವಾನಗಿ ದೊರೆಯುತ್ತದೆ. ಕಾರ್ಡಿನ ಮೇಲೆ ಅಚ್ಚಾದ ಮುಕ್ತಾಯದ ದಿನಾಂಕವನ್ನು ಎಲ್ಲರೂ ನೋಡುತ್ತಾರೆ, ಕಲಮನ್ನು ನೋಡುವವರು ಕಡಿಮೆ. ಆದರೆ ನೀವು ವರ್ಷಕ್ಕೆ ಎಷ್ಟು ದಿನ ದುಡಿಯಬಹುದು, ಓದು ಮುಗಿದ ಮೇಲೆ ಎಷ್ಟು ಕಾಲ ಉಳಿಯಬಹುದು, ಮನೆಯವರನ್ನು ಯಾವಾಗ ಕರೆಸಿಕೊಳ್ಳಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಕಲಮೇ. ಕುಟುಂಬದವರ ಪರವಾನಗಿ ವಿದ್ಯಾರ್ಥಿಯ ಪರವಾನಗಿಯನ್ನು ಆಧರಿಸಿರುವುದರಿಂದ, ವಿದ್ಯಾರ್ಥಿಯ ಸ್ಥಿತಿ ಅಲುಗಿದರೆ ಕುಟುಂಬದವರದೂ ಅಲುಗುತ್ತದೆ. ಹಾಗಾಗಿ ಕೋರ್ಸು, ಕೆಲಸ, ಊರು, ಮದುವೆ ಇವುಗಳಲ್ಲಿ ಯಾವುದು ಬದಲಾಗುವುದಿದ್ದರೂ ಬದಲಾವಣೆಗೆ ಮೊದಲೇ ವಿದೇಶಿಯರ ಕಚೇರಿಗೆ ತಿಳಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಮುಂದೆ ಹೇಳುವ ಬಹುಪಾಲು ಸಂಗತಿಗಳು ಈ ಒಂದು ಎಚ್ಚರದಿಂದಲೇ ಹುಟ್ಟುತ್ತವೆ.

ಊರು ಬಿಡುವ ಮೊದಲು

ಕರ್ನಾಟಕವು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರುತ್ತದೆ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ವೀಸಾ ಅರ್ಜಿಗೆ ಮೊದಲು ತಮ್ಮ ಅಂಕಪಟ್ಟಿ, ಪದವಿಪತ್ರಗಳನ್ನು ಎಪಿಎಸ್ ಎಂಬ ಜರ್ಮನ್ ಶೈಕ್ಷಣಿಕ ಮೌಲ್ಯಮಾಪನ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕಾಗಿದೆ. ಜೀವನೋಪಾಯಕ್ಕೆ ಹಣವಿದೆಯೆಂದು ತೋರಿಸಲು ಹೆಚ್ಚಿನವರು ಬ್ಲಾಕ್ಡ್ ಅಕೌಂಟ್, ಅಂದರೆ ತಿಂಗಳಿಗೆ ನಿಗದಿತ ಮೊತ್ತವನ್ನಷ್ಟೇ ತೆಗೆಯಬಹುದಾದ ಬ್ಯಾಂಕ್ ಖಾತೆ, ತೆರೆಯುತ್ತಾರೆ. 2024ರ ಸೆಪ್ಟೆಂಬರಿನಿಂದ ಇದಕ್ಕೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಇದು ಒಬ್ಬರ ಖರ್ಚಿಗೆ ಮಾತ್ರ. ಪತ್ನಿಯೋ ಮಗುವೋ ಜೊತೆಗೆ ಬರುವುದಾದರೆ ಅವರ ಖರ್ಚಿಗೂ ಪ್ರತ್ಯೇಕವಾಗಿ ಆಧಾರ ತೋರಿಸಬೇಕಾಗುತ್ತದೆ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರಿನ ವಿಚಾರ. ಕರ್ನಾಟಕದಲ್ಲಿ ಅನೇಕರಿಗೆ ಮನೆತನದ ಹೆಸರೇ ಇರುವುದಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಂಡಿರುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಮದುವೆಯ ನೋಂದಣಿ ಪತ್ರದಲ್ಲಿ ಮತ್ತೊಂದು ಕ್ರಮ ಎಂದಿದ್ದರೆ ಜರ್ಮನ್ ಕಚೇರಿ ಅವೆಲ್ಲ ಒಬ್ಬರದೇ ಎಂದು ತಾನಾಗಿ ಒಪ್ಪಿಕೊಳ್ಳುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ರೀತಿ ಗಂಡ, ಹೆಂಡತಿ, ಮಕ್ಕಳ ಎಲ್ಲ ದಾಖಲೆಗಳಲ್ಲಿಯೂ ಹೆಸರಿರುವಂತೆ ಊರಿನಲ್ಲಿರುವಾಗಲೇ ತಿದ್ದಿಸಿಕೊಳ್ಳಿ. ಮದುವೆಯಾಗಿದ್ದು ನೋಂದಣಿ ಆಗಿಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಳ್ಳಿ. ಛತ್ರದ ರಸೀದಿಗೂ ಲಗ್ನಪತ್ರಿಕೆಗೂ ಜರ್ಮನ್ ಕಚೇರಿಯಲ್ಲಿ ಬೆಲೆಯಿಲ್ಲ.

ದಾಖಲೆಗಳನ್ನು ಹೊರದೇಶಗಳಲ್ಲಿ ಒಪ್ಪುವಂತೆ ದೃಢೀಕರಿಸುವ ಅಪೊಸ್ಟಿಲ್ ಮುದ್ರೆ ಹಾಕಿಸಿದರೆ ಸಾಕು ಎಂಬ ಸಲಹೆಯನ್ನು ಏಜೆಂಟರು ಈಗಲೂ ಕೊಡುತ್ತಾರೆ. ಆದರೆ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ ಸೇರಿದ್ದನ್ನು ಜರ್ಮನಿ ಆಕ್ಷೇಪಿಸಿರುವುದರಿಂದ ಎರಡು ದೇಶಗಳ ನಡುವೆ ಆ ವ್ಯವಸ್ಥೆ ಜಾರಿಯಲ್ಲಿಲ್ಲ. ಮದುವೆ, ಜನನದ ದಾಖಲೆಗಳ ಬಗ್ಗೆ ಜರ್ಮನ್ ಕಚೇರಿಗೆ ಖಚಿತತೆ ಬೇಕಾದಾಗ ಕಾನ್ಸುಲೇಟಿನ ಮೂಲಕ ಸ್ಥಳೀಯವಾಗಿ ವಿಚಾರಿಸಿ ಪರಿಶೀಲನೆ ಮಾಡಿಸುತ್ತದೆ, ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆ ಅವಧಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಅರ್ಜಿ ಹಾಕಬೇಕು.

ವೀಸಾ ನಿರಾಕರಣೆಯಾದರೆ ಕಾನ್ಸುಲೇಟಿಗೇ ಮರುಪರಿಶೀಲನೆಯ ಪತ್ರ ಬರೆಯುವ ಹಳೆಯ ದಾರಿ 2025ರ ಜುಲೈ 1ರಿಂದ ಮುಚ್ಚಿದೆ. ಕೊರತೆಯನ್ನು ಸರಿಪಡಿಸಿ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಆದ್ದರಿಂದ ಮೊದಲ ಅರ್ಜಿಯನ್ನೇ ಪೂರ್ಣವಾಗಿ, ಒಂದು ಕಾಗದವೂ ಬಿಟ್ಟುಹೋಗದಂತೆ ಸಲ್ಲಿಸುವುದು ಹಿಂದೆಂದಿಗಿಂತ ಮುಖ್ಯವಾಗಿದೆ.

ಓದಿನ ಅವಧಿಯಲ್ಲಿ

ಮನೆಗೆ ಸೇರಿದ ಎರಡು ವಾರದೊಳಗೆ ನಗರದ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು; ಇದನ್ನು ಅಲ್ಲಿನವರು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಯ ಮಾಲೀಕರಿಂದ ದೃಢೀಕರಣ ಪತ್ರವಿಲ್ಲದೆ ಇದು ಆಗುವುದಿಲ್ಲವಾದ್ದರಿಂದ, ಆ ಪತ್ರ ಕೊಡಲು ಒಪ್ಪದ ಮನೆಯನ್ನು ಬಾಡಿಗೆಗೆ ಹಿಡಿಯಬೇಡಿ. ನಂತರ ಆಸ್‌ಲೆಂಡರ್‌ಬೆಹೋರ್ಡೆ ಎಂಬ ವಿದೇಶಿಯರ ಕಚೇರಿಯಲ್ಲಿ ವೀಸಾ ಮುಗಿಯುವ ಮೊದಲು ವಾಸ್ತವ್ಯ ಪರವಾನಗಿಗೆ ಅರ್ಜಿ ಹಾಕಬೇಕು.

ದೊಡ್ಡ ನಗರಗಳಲ್ಲಿ ಈ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದು ಬಹಳ ತಡವಾಗುತ್ತದೆ, ಅದು ವಿದ್ಯಾರ್ಥಿಗಳ ನಿದ್ದೆಗೆಡಿಸುವ ಸಂಗತಿ. ಇಲ್ಲಿ ಕಾನೂನು ನಿಮ್ಮ ಪರವಾಗಿದೆ. ಪರವಾನಗಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿದ್ದರೆ, ತೀರ್ಮಾನ ಬರುವವರೆಗೂ ಹಳೆಯ ಪರವಾನಗಿ ಅದರ ಎಲ್ಲ ಹಕ್ಕುಗಳೊಡನೆ ಮುಂದುವರಿಯುತ್ತದೆ ಎಂದು ಕಾಯ್ದೆಯ 81ನೇ ಕಲಮು ಹೇಳುತ್ತದೆ. ಇಲ್ಲಿ ಎಣಿಕೆಗೆ ಬರುವುದು ಅರ್ಜಿ ಸಲ್ಲಿಸಿದ ದಿನವೇ ಹೊರತು ಅಪಾಯಿಂಟ್‌ಮೆಂಟಿನ ದಿನವಲ್ಲ. ಅರ್ಜಿ ತಲುಪಿದ್ದಕ್ಕೆ ಇಮೇಲ್ ಅಥವಾ ಆನ್‌ಲೈನ್ ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫಿಕ್ಷನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ರಜೆಗೆ ಊರಿಗೆ ಬರುವುದಿದ್ದರೆ, ಹಿಂದಿನ ಪರವಾನಗಿ ಮುಂದುವರಿದಿದೆ ಎಂಬ ಸಾಲಿಗೇ ಅದರಲ್ಲಿ ಗುರುತು ಹಾಕಿದ್ದಾರೆಯೇ ಎಂದು ನೋಡಿಕೊಳ್ಳಿ. ಬೇರೆ ಸಾಲಿಗೆ ಗುರುತಿದ್ದರೆ ಆ ಕಾಗದವನ್ನು ನಂಬಿ ದೇಶದ ಹೊರಗೆ ಹೋಗಬೇಡಿ. ಇನ್ನೊಂದು ಮಾತು: ಆರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯ ಹೊರಗಿದ್ದರೆ ಸಾಮಾನ್ಯ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. ಊರಿನಲ್ಲಿ ಆರೋಗ್ಯ ಕೆಟ್ಟರೆ, ಹೆತ್ತವರ ಆರೈಕೆಗೆ ನಿಲ್ಲಬೇಕಾದರೆ, ಆ ಅವಧಿ ಮೀರುವ ಮೊದಲೇ ಕಚೇರಿಗೆ ಬರೆದು ಹೆಚ್ಚಿನ ಕಾಲಾವಕಾಶ ಕೇಳಬೇಕು.

2024ರ ಮಾರ್ಚ್ 1ರಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ವಿದ್ಯಾರ್ಥಿ ಸಹಾಯಕ ಹುದ್ದೆಗಳೂ ಪಠ್ಯಕ್ರಮದಲ್ಲಿ ಕಡ್ಡಾಯವಾದ ಇಂಟರ್ನ್‌ಶಿಪ್ಪೂ ಈ ಎಣಿಕೆಗೆ ಬರುವುದಿಲ್ಲ. ಆದರೆ ಫ್ರೀಲಾನ್ಸ್ ಕೆಲಸಕ್ಕೆ ಈ ಅವಕಾಶ ಅನ್ವಯಿಸುವುದಿಲ್ಲ. ಅದು ಸ್ವಯಂ ಉದ್ಯೋಗವೆನಿಸುವುದರಿಂದ ಪ್ರತ್ಯೇಕ ಅನುಮತಿ ಬೇಕು. ಬೆಂಗಳೂರಿನ ಹಳೆಯ ಕಂಪನಿಗೆ ರಾತ್ರಿ ಕೂತು ಸಾಫ್ಟ್‌ವೇರ್ ಕೆಲಸ ಮಾಡಿಕೊಡುವುದು ಯಾರಿಗೂ ಸಂಬಂಧಿಸದ ವಿಷಯವೆಂದು ತಿಳಿಯಬೇಡಿ. ಕೆಲಸ ನಡೆಯುವುದು ಜರ್ಮನಿಯ ನೆಲದಲ್ಲಾದ್ದರಿಂದ ಅಲ್ಲಿನ ನಿಯಮಗಳೇ ಅದಕ್ಕೆ ಅನ್ವಯಿಸುತ್ತವೆ.

ತರಗತಿಗೆ ಹಾಜರಾಗುವ ಅಗತ್ಯವೇ ಇಲ್ಲದ ಕೋರ್ಸುಗಳ ಬಗ್ಗೆ ಎಚ್ಚರವಿರಲಿ. ಎಲ್ಲಿಂದ ಬೇಕಾದರೂ ಆನ್‌ಲೈನಿನಲ್ಲಿ ಓದಬಹುದಾದ ಪದವಿಗೆ ಜರ್ಮನಿಯಲ್ಲಿ ವಾಸವಿರುವ ಅಗತ್ಯವಿಲ್ಲವೆಂದು ಕಚೇರಿ ಹೇಳಬಹುದು. ಶುಲ್ಕ ಕಟ್ಟುವ ಮೊದಲು, ಕ್ಯಾಂಪಸ್ಸಿನಲ್ಲಿ ಹಾಜರಾತಿ ಕಡ್ಡಾಯವೆಂದು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ.

ಪತಿ, ಪತ್ನಿ, ಮಕ್ಕಳು

ವಿದ್ಯಾರ್ಥಿಗೆ ಪರವಾನಗಿ ಸಿಗುವ ಹೊತ್ತಿಗೆ ಮದುವೆ ಆಗಿಯೇ ಇದ್ದು, ಅವರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿರುವ ಸಾಧ್ಯತೆಯಿದ್ದರೆ ಸಂಗಾತಿಗೆ ವೀಸಾ ಪಡೆಯುವ ಹಕ್ಕು ಗಟ್ಟಿಯಾಗಿರುತ್ತದೆ. ಓದಿನ ನಡುವೆ ಊರಿಗೆ ಬಂದು ಮದುವೆಯಾದವರಿಗೆ ಆ ಹಕ್ಕು ಅಷ್ಟು ಸುಲಭವಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿ ಎರಡು ವರ್ಷ ಪರವಾನಗಿ ಹೊಂದಿರಬೇಕೆಂಬ ನಿಯಮ ಎದುರಾಗುತ್ತದೆ. ಮದುವೆಯ ತಾರೀಖು ನಿಶ್ಚಯಿಸುವ ಮನೆಯ ಹಿರಿಯರಿಗೆ ಇದು ಮೊದಲೇ ತಿಳಿದಿರಬೇಕು, ಏಕೆಂದರೆ ಮುಹೂರ್ತವನ್ನು ಕೆಲವು ವಾರ ಹಿಂದೆ ಮುಂದೆ ಮಾಡುವುದರಿಂದ ಹೊಸ ದಂಪತಿ ಬೇರೆಬೇರೆ ಇರಬೇಕಾದ ಕಾಲ ತುಂಬ ಕಡಿಮೆಯಾಗಬಹುದು.

ಸಂಗಾತಿಗೆ 18 ವರ್ಷ ತುಂಬಿರಬೇಕು. ಸಾಮಾನ್ಯವಾಗಿ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಭಾಷೆಯ ಪ್ರಮಾಣಪತ್ರವೂ ಬೇಕು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಇದಕ್ಕೆ ತರಗತಿ, ಪರೀಕ್ಷೆ ಎರಡೂ ಇವೆ. ಎಲ್ಲರಿಗೂ ಸಾಲುವಷ್ಟು ದೊಡ್ಡ ಮನೆಯೂ ಬೇಕು; ವಿದ್ಯಾರ್ಥಿ ನಿಲಯದ ಒಂಟಿ ಕೋಣೆಯ ವಿಳಾಸ ಕೊಟ್ಟರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಮಗುವನ್ನು ಕರೆದೊಯ್ಯುವಾಗ ತಂದೆ ಅಥವಾ ತಾಯಿ ಊರಿನಲ್ಲಿಯೇ ಉಳಿಯುವುದಾದರೆ ಅವರ ಲಿಖಿತ ಒಪ್ಪಿಗೆ ಇರಬೇಕು.

ಒಳ್ಳೆಯ ಸುದ್ದಿಯೆಂದರೆ, ಹೀಗೆ ಬಂದ ಪತಿ ಅಥವಾ ಪತ್ನಿಗೆ ವಿದ್ಯಾರ್ಥಿಗಿರುವ ದಿನಗಳ ಮಿತಿ ಇಲ್ಲ. ಅವರು ಪೂರ್ಣಕಾಲಿಕ ಉದ್ಯೋಗ ಮಾಡಬಹುದು. ವಿದ್ಯಾರ್ಥಿ ಸರಕಾರಿ ಆರೋಗ್ಯ ವಿಮೆಯಲ್ಲಿದ್ದರೆ ಆದಾಯವಿಲ್ಲದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ಕಂತಿಲ್ಲದೆ ಅದೇ ವಿಮೆಗೆ ಸೇರುತ್ತಾರೆ. ಆದರೆ ವಿದ್ಯಾರ್ಥಿ ದರದ ಆ ವಿಮೆ ಸಾಮಾನ್ಯವಾಗಿ 30 ವರ್ಷದವರೆಗೆ ಮಾತ್ರ. ಕೆಲವು ವರ್ಷ ಕೆಲಸ ಮಾಡಿ ತಡವಾಗಿ ಓದಲು ಹೊರಡುವ, ಮನೆಯವರನ್ನೂ ಕರೆದೊಯ್ಯುವ ಕನ್ನಡಿಗರು ಬಹಳ ಮಂದಿ ಇದ್ದಾರೆ; ಅವರು ಹೊರಡುವ ಮೊದಲೇ ಖಾಸಗಿ ವಿಮೆಯ ಖರ್ಚನ್ನು ಕುಟುಂಬದ ಎಲ್ಲರಿಗೂ ಸೇರಿಸಿ ಕೂಡಿ ನೋಡಬೇಕು.

ಸಂಗಾತಿಯಾಗಿ ಹೋಗುವವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಯಾರೂ ಹೇಳದ ಒಂದು ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ದಂಪತಿ ಬೇರೆಯಾದರೆ ಸಂಗಾತಿಯ ಪರವಾನಗಿಗೆ ಆಧಾರ ತಪ್ಪುತ್ತದೆ. ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದ್ದರೆ ಸ್ವತಂತ್ರವಾಗಿ ಉಳಿಯುವ ಹಕ್ಕಿಗೆ 31ನೇ ಕಲಮಿನಲ್ಲಿ ಅವಕಾಶವಿದೆ. ಮನೆಯೊಳಗಿನ ಹಿಂಸೆಯಂಥ ವಿಶೇಷ ಕಷ್ಟದ ಸಂದರ್ಭದಲ್ಲಿ ಆ ಮೂರು ವರ್ಷವನ್ನು ಕಾಯಬೇಕಾಗಿಲ್ಲ. ಗಂಡನ ವೀಸಾ ಇದ್ದರೆ ಮಾತ್ರ ನೀನಿಲ್ಲಿ ಇರಬಲ್ಲೆ ಎಂದು ಹೆದರಿಸಿದಾಗ ಹೊಡೆತವನ್ನು ಸಹಿಸಿಕೊಂಡು ಇರಬೇಕಾದ ಕಾನೂನು ಅಲ್ಲಿಲ್ಲ. 116016 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಉಚಿತವಾಗಿ ಕರೆ ಮಾಡಿ, ಹೆಸರು ಹೇಳದೆ, ಬೇರೆ ಬೇರೆ ಭಾಷೆಗಳಲ್ಲಿ ಸಲಹೆ ಪಡೆಯಬಹುದು. ಪಾಸ್‌ಪೋರ್ಟು, ಕಾರ್ಡು, ಮದುವೆಯ ಪತ್ರಗಳ ಪ್ರತಿಗಳನ್ನು ಪ್ರತಿಯೊಬ್ಬರೂ ತಮ್ಮ ಬಳಿಯೇ ಇಟ್ಟುಕೊಂಡಿರಬೇಕು.

ಮಗು ಜರ್ಮನಿಯಲ್ಲಿ ಹುಟ್ಟಿದರೆ ಆರು ತಿಂಗಳೊಳಗೆ ಅದರ ವಾಸ್ತವ್ಯ ಪರವಾನಗಿಗೆ ಅರ್ಜಿ ಹಾಕಬೇಕು. ಇಬ್ಬರೂ ಭಾರತೀಯರಾದ ದಂಪತಿ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿಯೂ ಜನನ ನೋಂದಾಯಿಸಿ ಮಗುವಿನ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಜರ್ಮನ್ ಪ್ರಜೆಯಾಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರು ಐದು ವರ್ಷ ಕಾನೂನುಬದ್ಧವಾಗಿ ಅಲ್ಲಿ ನೆಲೆಸಿ, ಕಾಯಂ ವಾಸ್ತವ್ಯದ ಹಕ್ಕನ್ನೂ ಪಡೆದಿರಬೇಕು.

ಓದು ಮುಗಿದ ಮೇಲೆ

ಪದವಿ ಪಡೆದವರಿಗೆ ಅರ್ಹತೆಗೆ ತಕ್ಕ ಕೆಲಸ ಹುಡುಕಲು 18 ತಿಂಗಳವರೆಗಿನ ಪರವಾನಗಿ ಸಿಗುತ್ತದೆ, ಈ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಿತಿಯಿಲ್ಲದೆ ಮಾಡಬಹುದು. ಕೆಲಸ ಸಿಕ್ಕಿದಾಗ ಸಂಬಳ ಸಾಕಷ್ಟಿದ್ದರೆ ಉನ್ನತ ಶಿಕ್ಷಣ ಪಡೆದ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಕೇಳಿ. 2025ರಲ್ಲಿ ಅದಕ್ಕೆ ವರ್ಷಕ್ಕೆ 48,300 ಯೂರೋ, ಹೊಸ ಪದವೀಧರರಿಗೆ ಮತ್ತು ಕೊರತೆಯಿರುವ ವೃತ್ತಿಗಳವರಿಗೆ 43,759.80 ಯೂರೋ ಮಿತಿಯಿತ್ತು. ಈ ಮೊತ್ತ ಪ್ರತಿ ವರ್ಷ ಬದಲಾಗುತ್ತದೆ. ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಎ1 ಪ್ರಮಾಣಪತ್ರದ ಷರತ್ತಿಲ್ಲ. ತಂದೆ ತಾಯಿಯರನ್ನು ಕರೆಸಿಕೊಳ್ಳುವ ಅವಕಾಶವೂ, 2024ರ ಮಾರ್ಚ್ 1ರಿಂದೀಚೆಗೆ ಮೊದಲ ಬಾರಿ ಕುಶಲ ಉದ್ಯೋಗಿಯ ಪರವಾನಗಿ ಪಡೆದವರಿಗೆ ತೆರೆದಿದೆ. ಅದು ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ವಯಸ್ಸಾದವರಿಗೆ ಆರೋಗ್ಯ ವಿಮೆ ಹೊಂದಿಸುವುದು ಅಲ್ಲಿನ ದೊಡ್ಡ ತೊಡಕು.

ಕಾಯಂ ವಾಸ್ತವ್ಯಕ್ಕೆ ಜರ್ಮನ್ ವಿಶ್ವವಿದ್ಯಾಲಯದ ಪದವೀಧರರು ಕುಶಲ ಉದ್ಯೋಗಿಯ ಪರವಾನಗಿಯಲ್ಲಿ ಎರಡು ವರ್ಷ ಕಳೆದು, 24 ತಿಂಗಳ ಪಿಂಚಣಿ ವಂತಿಗೆ ಕಟ್ಟಿದ್ದರೆ ಅರ್ಜಿ ಹಾಕಬಹುದು. ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳು, ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳು ಸಾಕು. ಇಂಗ್ಲಿಷಿನಲ್ಲಿಯೇ ಕಚೇರಿ ನಡೆಯುತ್ತದೆಂದು ಜರ್ಮನ್ ಕಲಿಯುವುದನ್ನು ಮುಂದೂಡಿದವರು ಈ ಹಂತದಲ್ಲಿ ಹಿಂದೆ ಬೀಳುತ್ತಾರೆ, ಆದ್ದರಿಂದ ಮೊದಲ ಸೆಮಿಸ್ಟರಿನಿಂದಲೇ ಭಾಷೆ ಕಲಿಯಿರಿ.

ಪೌರತ್ವಕ್ಕೆ 2024ರ ಜೂನ್ 27ರಿಂದ ಐದು ವರ್ಷದ ವಾಸ ಸಾಕು. ಮೂರೇ ವರ್ಷಕ್ಕೆ ಪೌರತ್ವ ಕೊಡುತ್ತಿದ್ದ ವಿಶೇಷ ದಾರಿಯನ್ನು 2025ರ ಅಕ್ಟೋಬರಿನಲ್ಲಿ ತೆಗೆದುಹಾಕಲಾಗಿದೆ. ವಿದ್ಯಾರ್ಥಿ ಪರವಾನಗಿಯಲ್ಲಿರುವಾಗಲೇ ಪೌರತ್ವ ಸಿಗುವುದಿಲ್ಲ. ಅದಕ್ಕೆ ಮೊದಲು ಉದ್ಯೋಗದ ಅಥವಾ ಕಾಯಂ ವಾಸ್ತವ್ಯದ ಪರವಾನಗಿಗೆ ಬದಲಾಗಿರಬೇಕು. ಜರ್ಮನಿ ಈಗ ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಸ್ವೀಕರಿಸಿದ ದಿನವೇ ಭಾರತೀಯ ಪೌರತ್ವ ಕಾನೂನಿನಂತೆ ಮುಗಿದುಹೋಗುವುದರಿಂದ, ಪಾಸ್‌ಪೋರ್ಟನ್ನು ಭಾರತೀಯ ಕಚೇರಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆದು, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ಇದ್ದವರು ಭಾರತದಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಊರಿನಲ್ಲಿ ಹೊಲ, ತೋಟ ಕೊಳ್ಳುವ ಯೋಚನೆಯಿರುವ ಕುಟುಂಬಗಳು ಪೌರತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಈ ವಿಷಯವನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು.