ಐದು ಅಂಕದ ಪ್ರಶ್ನೆಗೆ ಎರಡೇ ಅಂಕ ಬರುವುದೇಕೆ?

‘ಎರಡು ಪುಟ ತುಂಬ ಬರೆದಿದ್ದೇನೆ, ಆದರೂ ಎರಡೇ ಅಂಕ!’ ವಿಜ್ಞಾನದ ಉತ್ತರಪತ್ರಿಕೆ ಕೈಗೆ ಬಂದ ದಿನ ತರಗತಿಯಲ್ಲಿ ಕೇಳಿಬರುವ ದೂರು ಇದು. ಪತ್ರಿಕೆ ತಿರುವಿ ನೋಡಿದರೆ ಬರೆದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹೃದಯದ ನಾಲ್ಕು ಕೋಣೆಗಳಿರುತ್ತವೆ, ಕವಾಟಗಳಿರುತ್ತವೆ, ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು ಎಂಬ ಮಾತೂ ಇರುತ್ತದೆ. ಪ್ರಶ್ನೆ ಕೇಳಿದ್ದು ಮಾತ್ರ ಇರುವುದಿಲ್ಲ. ಮೌಲ್ಯಮಾಪಕರು ಸಾಲು ಎಣಿಸುತ್ತಾ ಕೂರುವುದಿಲ್ಲ. ಬೇಕಾದ ಅಂಶಗಳು ಬಂದಿವೆಯೇ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಕೂಡಿದೆಯೇ ಎಂದು ಹುಡುಕುತ್ತಾರೆ.

ಮೊದಲು ಪ್ರಶ್ನೆಯ ಕೊನೆಯ ಪದ ಓದಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಅವಸರದ ಕಣ್ಣು ‘ಹೃದಯ’ ಎಂಬ ಪದ ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ, ಹೃದಯದ ಬಗ್ಗೆ ಗೊತ್ತಿರುವುದನ್ನೆಲ್ಲ ಸುರಿಯತೊಡಗುತ್ತದೆ. ಹಾಗಾಗಿ ಪೆನ್ಸಿಲ್ ಹಿಡಿದು ಕೊನೆಯ ಪದಕ್ಕೆ ಗೆರೆ ಎಳೆಯಿರಿ. ‘ಹೆಸರಿಸಿ’ ಎಂದರೆ ಹೆಸರು ಸಾಕು. ‘ಹೋಲಿಸಿ’ ಎಂದರೆ ಎರಡೂ ಒಂದೇ ವಾಕ್ಯದಲ್ಲಿ ಎದುರುಬದುರು ನಿಲ್ಲಬೇಕು; ಅರ್ಧ ಪುಟ ಅಪಧಮನಿ, ಇನ್ನರ್ಧ ಪುಟ ಅಭಿಧಮನಿ ಬರೆದು ಹೋಲಿಕೆಯನ್ನು ಓದುವವರಿಗೆ ಬಿಟ್ಟರೆ ಆಗದು.

ಹೆಚ್ಚು ಅಂಕ ಹೋಗುವುದು ‘ಏನಾಗುತ್ತದೆ’ ಮತ್ತು ‘ಏಕೆ ಆಗುತ್ತದೆ’ ಎಂಬ ಎರಡರ ನಡುವೆ. ತಾಪ ಏರಿದಂತೆ ಕಿಣ್ವದ (ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚಿಸುವ ಪ್ರೋಟೀನ್) ಕ್ರಿಯೆಯ ವೇಗ ಹೇಗೆ ಬದಲಾಗುತ್ತದೆ ಎಂಬ ನಕ್ಷೆ ಕೊಟ್ಟಿದ್ದಾರೆ ಎಂದುಕೊಳ್ಳಿ. ‘ನಕ್ಷೆಯಲ್ಲಿ ಕಾಣುವ ಬದಲಾವಣೆಯನ್ನು ತಿಳಿಸಿ’ ಎಂದಿದ್ದರೆ ನಕ್ಷೆಯನ್ನೇ ಓದಿ ಹೇಳಬೇಕು: ಎಷ್ಟು ಡಿಗ್ರಿಯವರೆಗೆ ಏರಿತು, ಎಲ್ಲಿ ಗರಿಷ್ಠ, ಎಲ್ಲಿಂದ ಇಳಿಯಿತು. ಸಂಖ್ಯೆಗಳಿಲ್ಲದ ಉತ್ತರ ಅಲ್ಲಿ ಅರ್ಧ ಉತ್ತರ. ‘ಕಾರಣ ಕೊಡಿ’ ಎಂದಿದ್ದರೆ ಕಣಗಳ ಚಲನೆ, ಘರ್ಷಣೆ, ಹೆಚ್ಚಿನ ತಾಪದಲ್ಲಿ ಕಿಣ್ವದ ಆಕಾರ ಕೆಡುವುದು ಇವೆಲ್ಲ ಬರಬೇಕು. (‘ಕಿಣ್ವ ಸಾಯುತ್ತದೆ’ ಎಂದು ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಜೀವವೇ ಇಲ್ಲದ ಪ್ರೋಟೀನ್ ಸಾಯುವುದು ಹೇಗೆ?)

ಬರೆಯುವ ಮೊದಲು ಒಂದು ನಿಮಿಷ

ಐದು ಅಂಕವಿದ್ದರೆ ಸಾಮಾನ್ಯವಾಗಿ ಐದು ಅಂಶ ನಿರೀಕ್ಷಿತ. ಅಂಚಿನಲ್ಲಿ ಒಂದೊಂದೇ ಪದದಲ್ಲಿ ಗುರುತು ಹಾಕಿಕೊಳ್ಳಿ, ಯಾವುದರ ಹಿಂದೆ ಯಾವುದು ಎಂದು ಕ್ರಮಸಂಖ್ಯೆ ಕೊಡಿ. ಒಂದು ನಿಮಿಷ ಹೋಯಿತು ಎಂದು ಮರುಗಬೇಡಿ. ಪುಟದ ನಡುವೆ ಬಾಣ ಎಳೆದು ‘ಮೇಲಿನ ಸಾಲಿಗೆ ಸೇರಿಸಿಕೊಳ್ಳಿ’ ಎಂದು ಬರೆಯುವ ಪಾಡು ತಪ್ಪುತ್ತದೆ.

ಕೊಂಡಿ ಕೂಡಿಸುವುದು

ಹೃದಯದ ಕೆಳಗಿನ ಎರಡು ಕೋಣೆಗಳಾದ ಹೃತ್ಕುಕ್ಷಿಗಳ ಬಗೆಗಿನ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ: ‘ಎಡ ಹೃತ್ಕುಕ್ಷಿಯ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪವಾಗಿರುತ್ತದೆ. ಕಾರಣ ಕೊಡಿ.’

ಸಾಮಾನ್ಯವಾಗಿ ಬರುವ ಉತ್ತರ: ‘ಎಡ ಹೃತ್ಕುಕ್ಷಿಗೆ ಹೆಚ್ಚು ಕೆಲಸ ಇರುವುದರಿಂದ ಅದು ದಪ್ಪವಾಗಿದೆ.’ ಸುಳ್ಳೇನಲ್ಲ. ಆದರೆ ಯಾವ ಕೆಲಸ, ಯಾರಿಗಿಂತ ಹೆಚ್ಚು, ಕೆಲಸ ಹೆಚ್ಚಾದರೆ ಗೋಡೆ ಏಕೆ ದಪ್ಪವಾಗಬೇಕು?

ಈಗ ಇದನ್ನು ಓದಿ: ‘ಬಲ ಹೃತ್ಕುಕ್ಷಿ ರಕ್ತವನ್ನು ಹತ್ತಿರದಲ್ಲೇ ಇರುವ ಶ್ವಾಸಕೋಶಗಳಿಗೆ ಮಾತ್ರ ತಳ್ಳುತ್ತದೆ. ಎಡ ಹೃತ್ಕುಕ್ಷಿ ಮಹಾಪಧಮನಿಯ ಮೂಲಕ ದೇಹದ ಇತರ ಎಲ್ಲ ಭಾಗಗಳಿಗೆ ರಕ್ತವನ್ನು ತಳ್ಳಬೇಕು. ಅಷ್ಟು ದೂರ ತಲುಪಿಸಲು ಹೆಚ್ಚಿನ ಒತ್ತಡ ಬೇಕು. ಹೆಚ್ಚಿನ ಒತ್ತಡ ಉಂಟುಮಾಡಲು ಗೋಡೆ ಬಲವಾಗಿ ಸಂಕುಚಿಸಬೇಕು. ಇದಕ್ಕೆ ಹೆಚ್ಚು ಸ್ನಾಯು ಬೇಕಾಗುವುದರಿಂದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರುತ್ತದೆ.’

ಐದೇ ವಾಕ್ಯ. ಪ್ರತಿಯೊಂದೂ ಹಿಂದಿನದರ ಕೈ ಹಿಡಿದು ಬಂದಿದೆ. ನಿಮ್ಮ ಉತ್ತರವನ್ನು ಪರೀಕ್ಷಿಸಲು ಕೊನೆಯ ವಾಕ್ಯದಿಂದ ಹಿಂದಕ್ಕೆ ಬನ್ನಿ, ಪ್ರತಿ ವಾಕ್ಯಕ್ಕೂ ‘ಏಕೆ?’ ಎಂದು ಕೇಳಿ. ಉತ್ತರ ಅದರ ಹಿಂದಿನ ಸಾಲುಗಳಲ್ಲಿ ಸಿಗದಿದ್ದರೆ ಅಲ್ಲೊಂದು ಕೊಂಡಿ ಕಳಚಿದೆ. ಜೊತೆಗೆ ‘ಅದು’ ಎಂಬ ಪದದ ಮೇಲೆ ಕಣ್ಣಿರಲಿ. ‘ಅದು ಹೆಚ್ಚಾದಾಗ ಅದು ಕಡಿಮೆಯಾಗುತ್ತದೆ’ ಎಂಬ ವಾಕ್ಯವನ್ನು ನಾನು ಉತ್ತರಪತ್ರಿಕೆಯಲ್ಲೇ ಓದಿದ್ದೇನೆ. ಬರೆದವನಿಗೆ ಎಲ್ಲ ಸ್ಪಷ್ಟವಾಗಿತ್ತು, ಅನುಮಾನವಿಲ್ಲ.

ಲೆಕ್ಕದ ಪ್ರಶ್ನೆಯಲ್ಲಿ ಹಂತ ನುಂಗಬೇಡಿ

6 ಓಮ್ ಮತ್ತು 3 ಓಮ್ ರೋಧಕಗಳು ಸಮಾಂತರವಾಗಿ 12 ವೋಲ್ಟ್ ಬ್ಯಾಟರಿಗೆ ಜೋಡಣೆಯಾಗಿವೆ. ಒಟ್ಟು ವಿದ್ಯುತ್ ಪ್ರವಾಹ ಎಷ್ಟು? ಸೂತ್ರ, ಬೆಲೆಗಳ ಆದೇಶ (ಸೂತ್ರದ ಅಕ್ಷರಗಳ ಜಾಗದಲ್ಲಿ ಸಂಖ್ಯೆ ಇಡುವುದು), ಉತ್ತರ, ಏಕಮಾನ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಆರನೇ ಒಂದು ಮತ್ತು ಮೂರನೇ ಒಂದು ಕೂಡಿದರೆ ಅರ್ಧ. ಅದನ್ನು ತಿರುಗಿಸಿದರೆ ಒಟ್ಟು ರೋಧ 2 ಓಮ್. 12 ವೋಲ್ಟನ್ನು ಅದರಿಂದ ಭಾಗಿಸಿದರೆ ಪ್ರವಾಹ 6 ಆಂಪಿಯರ್. ತಿರುಗಿಸಲು ಮರೆತವರು 0.5 ಓಮ್ ಎಂದುಕೊಂಡು 24 ಆಂಪಿಯರ್‌ಗೆ ಬಂದು ನಿಲ್ಲುತ್ತಾರೆ. ಹಂತಗಳಿಗೆ ಅಂಕ ಹಂಚುವ ಕಡೆ, ಸೂತ್ರ ಮತ್ತು ಆದೇಶ ಕಣ್ಣಿಗೆ ಕಾಣುವಂತಿದ್ದರೆ ಅಂಥವರಿಗೂ ಒಂದಿಷ್ಟು ದಕ್ಕುತ್ತದೆ. ಬರೀ ‘24’ ಎಂದು ಬರೆದವರಿಗೆ ಕೊಡಲು ಯಾರ ಕೈಯಲ್ಲೂ ಏನೂ ಇಲ್ಲ.

ಸಮಯವಿದ್ದರೆ ಬೇರೆ ದಾರಿಯಿಂದ ತಾಳೆ ನೋಡಿ: 6 ಓಮ್ ಕವಲಿನಲ್ಲಿ 2 ಆಂಪಿಯರ್, 3 ಓಮ್ ಕವಲಿನಲ್ಲಿ 4, ಒಟ್ಟು 6.

ಪ್ರಯೋಗ ಯೋಜಿಸಲು ಕೇಳಿದಾಗ

ಬೆಳಕಿನ ತೀವ್ರತೆ ದ್ಯುತಿಸಂಶ್ಲೇಷಣೆಯ ಮೇಲೆ ಬೀರುವ ಪರಿಣಾಮ ತಿಳಿಯಲು ಪ್ರಯೋಗ ವಿವರಿಸಿ ಎಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಬದಲಿಸುವುದು ಏನನ್ನು? ದೀಪದ ದೂರವನ್ನು: 10, 20, 30 ಸೆಂಟಿಮೀಟರ್. ಅಳೆಯುವುದು ಏನನ್ನು? ನೀರಿನಲ್ಲಿರುವ ಹೈಡ್ರಿಲ್ಲಾದ ಕಾಂಡದಿಂದ ನಿಮಿಷಕ್ಕೆ ಹೊರಬರುವ ಗುಳ್ಳೆಗಳನ್ನು. ಬದಲಾಗದಂತೆ ಹಿಡಿದಿಡುವುದು ಏನನ್ನು? ಅದೇ ಗಿಡ, ಅಷ್ಟೇ ಅಡುಗೆ ಸೋಡಾ ಬೆರೆಸಿದ ನೀರು, ಅದೇ ತಾಪ. ದೀಪ ಹತ್ತಿರ ಬಂದರೆ ನೀರೂ ಬಿಸಿಯಾಗುತ್ತದಲ್ಲ! ನಡುವೆ ನೀರು ತುಂಬಿದ ಗಾಜಿನ ಪಾತ್ರೆ ಇಟ್ಟು ಶಾಖ ತಡೆಯುತ್ತೇನೆ ಎಂದು ಬರೆದವರು ನಿಜವಾಗಿ ಯೋಚಿಸಿದ್ದಾರೆ ಎಂದು ತಿಳಿಯುತ್ತದೆ. ಪ್ರತಿ ದೂರದಲ್ಲೂ ಮೂರು ಬಾರಿ ಎಣಿಸಿ ಸರಾಸರಿ ತೆಗೆಯಬೇಕು. ‘ಎಚ್ಚರಿಕೆಯಿಂದ ಮಾಡಬೇಕು’ ಎಂಬ ಸಾಲಿಗೆ ಬೆಲೆಯಿಲ್ಲ.

ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ಸಿಲ್‌ನಲ್ಲಿ ಬರೆಯಿರಿ, ಗುರುತಿನ ಗೆರೆಯ ತುದಿ ಆ ಭಾಗವನ್ನು ಮುಟ್ಟಲಿ, ಬೆಳಕಿನ ಕಿರಣಕ್ಕೆ ಬಾಣ ಮರೆಯಬೇಡಿ. ಎದುರಿಗಿರುವವರ ಹೃದಯವನ್ನು ನೋಡಿದಂತೆ ಬರೆಯುವುದರಿಂದ ಹೃದಯದ ಎಡಭಾಗ ಹಾಳೆಯಲ್ಲಿ ನಿಮ್ಮ ಬಲಗೈ ಕಡೆಗೆ ಬರುತ್ತದೆ.

ಇನ್ನು ಗಡಿಯಾರ. 180 ನಿಮಿಷ, 80 ಅಂಕದ ಪತ್ರಿಕೆಯಲ್ಲಿ ಕೊನೆಯ 15 ನಿಮಿಷ ತೆಗೆದಿಟ್ಟರೆ ಅಂಕಕ್ಕೆ ಸುಮಾರು ಎರಡು ನಿಮಿಷ, ಐದು ಅಂಕಕ್ಕೆ ಹತ್ತು. ಹತ್ತಾದ ಮೇಲೂ ಮುಗಿಯದಿದ್ದರೆ ನಾಲ್ಕು ಸಾಲು ಜಾಗ ಬಿಟ್ಟು ಮುಂದೆ ಹೋಗಿ. ತೆಗೆದಿಟ್ಟ ಸಮಯದಲ್ಲಿ ಹಿಂದಿರುಗಿ ಆ ಜಾಗ ತುಂಬಿಸಿ, ಏಕಮಾನ ಬಿಟ್ಟುಹೋದ ಸಂಖ್ಯೆಗಳನ್ನು ಹುಡುಕಿ, ರಾಸಾಯನಿಕ ಸಮೀಕರಣದ ಎರಡೂ ಬದಿಯ ಪರಮಾಣುಗಳನ್ನು ಎಣಿಸಿ. ಸರಿದೂಗದಿದ್ದರೆ ಸೂತ್ರದ ಮುಂದಿನ ಸಂಖ್ಯೆಯನ್ನು ಬದಲಿಸಿ. ಸೂತ್ರದೊಳಗಿನ ಪುಟ್ಟ ಅಂಕಿಯನ್ನು ಮುಟ್ಟಿದರೆ ಅದು ಬೇರೆಯೇ ವಸ್ತುವಾಗುತ್ತದೆ.