ದೂರದಲ್ಲಿ ನೆಲೆಸಿದವರು ಮನೆಗೆ ಕಾಗದ ಬರೆಯುವ ಬಗೆ

ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಎಷ್ಟೋ ಹಿರಿಯರಿಗೆ ಫೋನಿನ ಮಾತು ಸರಿಯಾಗಿ ಕೇಳಿಸುವುದಿಲ್ಲ. ‘ಊಟ ಆಯ್ತಾ, ಮಳೆ ಬಂತಾ’ ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಇದನ್ನು ಕಂಡು, ತಿಂಗಳಿಗೊಂದು ಕಾಗದ ಹಾಕೋಣವೆಂದು ಮನಸ್ಸು ಮಾಡುವ ಮಕ್ಕಳೂ ಇದ್ದಾರೆ. ಆದರೆ ಎರಡು ಸಾಲು ಬರೆದ ಮೇಲೆ ಮುಂದೇನೂ ತೋಚದೆ ಕೈಬಿಡುತ್ತಾರೆ. ಅಂಥವರಿಗಾಗಿ ಈ ಬರಹ. ಇದರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮದ ಬಯಲುಗಳಿಗೆ ಹೋಗಿ ನೆಲೆಸಿದ ಒಕ್ಕಲು ಕುಟುಂಬಗಳನ್ನು.

1862ರ ಕಾಯಿದೆಯ ಪ್ರಕಾರ ಅವರಿಗೆ 160 ಎಕರೆ ಭೂಮಿ ಸಿಗುತ್ತಿತ್ತು; ಆದರೆ ಅದು ಸ್ವಂತವಾಗಬೇಕಾದರೆ ಐದು ವರ್ಷ ಅಲ್ಲಿಯೇ ವಾಸವಿದ್ದು ಉಳುಮೆ ಮಾಡಬೇಕಿತ್ತು. ಹಳ್ಳಿಗಾಡಿನ ಮನೆಗಳಿಗೆ ಟಪಾಲು ತಲುಪಿಸುವ ವ್ಯವಸ್ಥೆ ಅಲ್ಲಿ ಆರಂಭವಾದದ್ದೇ 1896ರಲ್ಲಿ. ಅದಕ್ಕೆ ಮುಂಚೆ, ಯಾವುದೋ ಅಂಗಡಿಯ ಮೂಲೆಯಲ್ಲೋ ಯಾರದೋ ಮನೆಯಲ್ಲೋ ಇದ್ದ ಅಂಚೆ ಕಚೇರಿಗೆ ಗಾಡಿ ಕಟ್ಟಿಕೊಂಡು ಹೋಗಿ ಕಾಗದ ತರಬೇಕಿತ್ತು. 1860ರ ಏಪ್ರಿಲ್‌ನಲ್ಲಿ ಕುದುರೆ ಸವಾರರ ಅಂಚೆಯೊಂದು ಮಿಸೂರಿಯಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು ಹತ್ತು ದಿನಗಳಲ್ಲಿ ಕಾಗದ ಮುಟ್ಟಿಸತೊಡಗಿತು, ನಿಜ; ಆದರೆ ಅರ್ಧ ಔನ್ಸಿಗೆ ಮೊದಮೊದಲು 5 ಡಾಲರ್ ಕೇಳುತ್ತಿದ್ದ ಆ ಸೇವೆ ಸಾಮಾನ್ಯ ಒಕ್ಕಲಿನವನ ಕೈಗೆ ನಿಲುಕುವಂಥದ್ದಾಗಿರಲಿಲ್ಲ, ತಂತಿ ಬಂದೊಡನೆ ಮರುವರ್ಷವೇ ನಿಂತೂ ಹೋಯಿತು. ಹೀಗಾಗಿ, ಬರೆದ ಸುದ್ದಿ ಮನೆ ತಲುಪುವ ಹೊತ್ತಿಗೆ ಹಳಸಿರುತ್ತದೆ ಎಂಬ ಅರಿವಿನಿಂದಲೇ ಅವರು ಬರೆಯುತ್ತಿದ್ದರು. ತಿಂಗಳು ಕಳೆದರೂ ಹಳಸದ ಸಂಗತಿ ಯಾವುದೆಂಬ ವಿವೇಚನೆ ಆ ಕಾಗದಗಳಿಂದ ನಾವು ಕಲಿಯಬೇಕಾದದ್ದು.

ಬಲಮೂಲೆಯಲ್ಲಿ ಊರು, ತಾರೀಖು ಬರೆದು, ಅದರ ಕೆಳಗೆ ಇದು ಈ ವರ್ಷದ ಎಷ್ಟನೆಯ ಕಾಗದವೆಂಬ ಸಂಖ್ಯೆಯನ್ನು ಹಾಕಿರಿ. ಬಳಿಕ, ಮನೆಯಿಂದ ಯಾವ ತಾರೀಖಿನ ಕಾಗದ ಬಂದು ತಲುಪಿತೆಂಬುದನ್ನು ಮೊದಲ ಸಾಲುಗಳಲ್ಲಿಯೇ ತಿಳಿಸಿರಿ. ಎರಡೂ ಕಡೆಯ ಕಾಗದಗಳು ದಾರಿಯಲ್ಲಿ ಹಾದುಹೋಗುವುದುಂಟು. ಯಾವ ಮಾತು ಯಾವುದಕ್ಕೆ ಉತ್ತರವೆಂದು ತಿಳಿಯದೆ ಮನೆಯವರು ಸುಮ್ಮನೆ ಮನಸ್ಸು ಕಹಿ ಮಾಡಿಕೊಳ್ಳುವುದು ಇದರಿಂದ ತಪ್ಪುತ್ತದೆ.

‘ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು’, ‘ಮಾತೃಶ್ರೀಯವರಿಗೆ’, ‘ಚಿರಂಜೀವಿಗೆ ಆಶೀರ್ವಾದಗಳು’ ಎಂಬ ಒಕ್ಕಣೆ ಹಳೆಯದಾಯಿತೆಂದು ಬಿಡಬೇಡಿರಿ. ‘ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು’ ಎಂಬ ನಮ್ಮ ಸಾಲಿಗೂ, ‘ನಾವು ಆರೋಗ್ಯವಾಗಿದ್ದೇವೆ, ಈ ಪತ್ರ ನಿಮ್ಮನ್ನೂ ಹಾಗೆಯೇ ಕಾಣಲಿ’ ಎಂದು ಆ ವಲಸಿಗರು ಕಾಗದ ತೊಡಗಿಸುತ್ತಿದ್ದ ಸಾಲಿಗೂ ಏನೇನೂ ವ್ಯತ್ಯಾಸವಿಲ್ಲ. ಲಕೋಟೆ ಒಡೆಯುವವರ ಕೈ ನಡುಗುವುದು ಸಾವಿನ ಸುದ್ದಿ ಇದ್ದೀತೆಂಬ ಅಂಜಿಕೆಗೆ. ಆ ಅಂಜಿಕೆಯನ್ನು ಮೊದಲ ಸಾಲೇ ಕಳೆಯಬೇಕು. ಆದ್ದರಿಂದ, ಯಾರಿಗಾದರೂ ನಿಜವಾಗಿ ಕಾಯಿಲೆಯಾಗಿದ್ದರೆ ‘ಎಲ್ಲರೂ ಕ್ಷೇಮ’ ಎಂದು ಆರಂಭಿಸಿ ಎರಡನೆಯ ಪುಟದಲ್ಲಿ ಆಸ್ಪತ್ರೆಯ ಮಾತು ತೆಗೆಯಬಾರದು.

ಇನ್ನು ಕಾಗದದ ಒಡಲಿನ ವಿಷಯ. ಕಷ್ಟವಿರುವುದು ಇಲ್ಲಿಯೇ. ನೆಬ್ರಾಸ್ಕದ ಮರವಿಲ್ಲದ ಬಯಲಿನಲ್ಲಿ ಹುಲ್ಲುಬೇರು ಹೆಣೆದುಕೊಂಡ ಮಣ್ಣಿನ ಹೆಂಟೆಗಳನ್ನು ಕಡಿದು ಒಟ್ಟಿ ಮನೆ ಕಟ್ಟಿಕೊಂಡವರು ಮನೆಯ ಉದ್ದ ಅಗಲ ಎಷ್ಟು, ನೀರು ಎಷ್ಟು ದೂರ, ಮುಸುಕಿನ ಜೋಳದ ಧಾರಣೆ ಏನು, ಎತ್ತಿನ ಜೋಡಿಗೆ ಎಷ್ಟಾಯಿತು ಎಂದು ಬರೆಯುತ್ತಿದ್ದರು. ಎಂದೂ ಕಾಣದ ಆ ಜಾಗದಲ್ಲಿ ಮಗಳು ಬೆಳಿಗ್ಗೆ ಎದ್ದು ಎತ್ತ ನಡೆಯುತ್ತಾಳೆಂದು ತಾಯಿ ಊಹಿಸಿಕೊಳ್ಳುವುದಕ್ಕೆ ಈ ವಿವರಗಳಷ್ಟೇ ದಾರಿಯಾಗಿದ್ದವು. ನೀವು ಪುಣೆಯಲ್ಲಿರಿ, ದುಬೈಯಲ್ಲಿರಿ, ಅದನ್ನೇ ಮಾಡಿರಿ: ಮನೆಯ ಬಾಡಿಗೆ, ಅಡುಗೆಮನೆಯ ಕಿಟಕಿಯಿಂದ ಕಾಣುವುದು, ರಾಗಿಹಿಟ್ಟು ಸಿಗುವ ಅಂಗಡಿ, ಅಲ್ಲಿನ ಸೊಪ್ಪಿನ ಹೆಸರು, ನೀರು ಬರುವ ಹೊತ್ತು. ಕಚೇರಿಯ ಬಡ್ತಿಯ ವಿಷಯ ಒಂದು ಸಾಲಿನಲ್ಲಿ ಮುಗಿದರೆ ಸಾಕು.

ಮನೆಯವರನ್ನು ಕೇಳುವ ಪ್ರಶ್ನೆಗಳನ್ನೂ ಹೀಗೆಯೇ ಹೂಡಬೇಕು. ‘ಎಲ್ಲರೂ ಹೇಗಿದ್ದೀರಿ’ ಎಂಬುದಕ್ಕೆ ‘ಚೆನ್ನಾಗಿದ್ದೇವೆ’ ಎಂಬುದಲ್ಲದೆ ಬೇರೆ ಉತ್ತರ ಬಾರದು. ಕಬ್ಬನ್ನು ಕಾರ್ಖಾನೆಗೆ ಸಾಗಿಸಿದಿರೋ ಆಲೆಮನೆಗೆ ಹಾಕಿದಿರೋ, ನಾಲೆಗೆ ನೀರು ಬಿಟ್ಟದ್ದು ಯಾವ ದಿನ, ಕಡಸು ಗಬ್ಬವಾಯಿತೇ, ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟಡಿ ಇದೆ ಎಂದು ಕೇಳಿದರೆ, ತಂದೆಯವರು ಎರಡು ಪುಟ ಬರೆಸುತ್ತಾರೆ. ಕಟ್ಟೆಯ 124.80 ಅಡಿ ತುಂಬಿದ ವರ್ಷವಾದರಂತೂ ಮೂರು ಪುಟ.

‘ಬರೆಸುತ್ತಾರೆ’ ಎಂದೆ, ಓದಿಸುವುದೂ ಉಂಟು. ಅಮೆರಿಕದಿಂದ ನಾರ್ವೆ, ಸ್ವೀಡನ್ನುಗಳ ಹಳ್ಳಿಗಳಿಗೆ ಬರುತ್ತಿದ್ದ ಕಾಗದಗಳನ್ನು ನೆರೆಹೊರೆಯವರೆಲ್ಲ ಕೂಡಿ ಓದಿಸಿ ಕೇಳುತ್ತಿದ್ದರು, ಮನೆಯಿಂದ ಮನೆಗೆ ಕೊಂಡೊಯ್ಯುತ್ತಿದ್ದರು. ಕೆಲವು ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾದವು. ನಮ್ಮೂರಿನಲ್ಲಿ, ಶಾಲೆಗೆ ಹೋಗುವ ಹುಡುಗನೆಂಬ ಕಾರಣಕ್ಕೆ, ಪಕ್ಕದ ಮನೆಯ ಅಜ್ಜಿಗೆ ಬರುತ್ತಿದ್ದ ಕಾಗದಗಳನ್ನು ನಾನೇ ಓದಿ ಹೇಳಬೇಕಿತ್ತು. ಒಮ್ಮೆ ಸೊಸೆಯ ಮೇಲಿನ ದೂರೊಂದನ್ನು ಕಂಡು, ಸೊಸೆಯ ತಂಗಿ ಅಲ್ಲೇ ಜಗುಲಿಯ ಮೇಲೆ ಕುಳಿತಿದ್ದುದರಿಂದ, ಎರಡು ಸಾಲು ಹಾರಿಸಿಬಿಟ್ಟೆ. ‘ಅದ್ಯಾಕ್ ನುಂಗ್ತೀಯೆ, ಅದ್ನೂ ಓದಪ್ಪ’ ಎಂದರು ಅಜ್ಜಿ. ಜಗುಲಿಯಲ್ಲಿ ಕೇಳಬಾರದ ಮಾತಿದ್ದರೆ ಅದನ್ನು ಬೇರೆ ಹಾಳೆಯಲ್ಲಿ ಬರೆದು, ‘ಅಮ್ಮನಿಗೆ ಮಾತ್ರ’ ಎಂದು ಮೇಲೆ ಗುರುತು ಮಾಡಿ ಲಕೋಟೆಯಲ್ಲಿ ಇಡಿರಿ. ಇನ್‌ಲ್ಯಾಂಡ್ ಲೆಟರಿನೊಳಗೆ ಏನನ್ನೂ ಸೇರಿಸುವಂತಿಲ್ಲ. ಲಕೋಟೆಯಾದರೆ, ಆ ವಲಸಿಗ ಹೆಂಗಸರು ಹೊಸ ಲಂಗದ ಬಟ್ಟೆಯ ತುಂಡನ್ನು ಅಕ್ಕತಂಗಿಯರಿಗೆ ಕಳುಹಿಸುತ್ತಿದ್ದಂತೆ, ಮಗುವಿನ ಅಂಗಿ ಹೊಲಿಸಿ ಉಳಿದ ಬಟ್ಟೆಯ ಚೂರನ್ನೂ ಇಡಬಹುದು. ನೋಟು ಮಾತ್ರ ಇಡಬೇಡಿರಿ.

1845ರವರೆಗೆ ಅಮೆರಿಕದಲ್ಲಿ ಹಾಳೆಯ ಲೆಕ್ಕದಲ್ಲಿ ಅಂಚೆ ವೆಚ್ಚ ಬೀಳುತ್ತಿದ್ದುದರಿಂದ, ಪುಟ ತುಂಬಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವ ರೂಢಿಯಿತ್ತು. ಇನ್‌ಲ್ಯಾಂಡಿನ ಅಂಚಿನಲ್ಲಿ ಇರುವೆಸಾಲಿನಂತೆ ಬರೆಯುವ ನಮ್ಮ ಚಾಳಿ ಅದರ ತಮ್ಮನೇ. ಅಂಟು ಹಚ್ಚುವ ಅಂಚಿನಿಂದ ಒಂದು ಬೆರಳಿನಷ್ಟು ಜಾಗ ಬಿಡದಿದ್ದರೆ, ಬಿಡಿಸುವಾಗ ಮುಖ್ಯವಾದ ಮಾತೇ ಹರಿದುಹೋಗುತ್ತದೆ. ಮಳೆಗಾಲದಲ್ಲಿ ಶಾಯಿ ಕದಡುವುದರಿಂದ ಬಾಲ್ ಪೆನ್ನು ವಾಸಿ.

ವಿಳಾಸದಲ್ಲಿ ಊರು, ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ, ಆರಂಕಿಯ ಪಿನ್‌ಕೋಡ್ ಇಷ್ಟೂ ಇರಬೇಕು. ಒಂದೇ ಊರಿನಲ್ಲಿ ನಾಲ್ವರು ನಂಜೇಗೌಡರು, ಆರು ಮಂದಿ ಸಿದ್ದಮ್ಮಂದಿರು ಇರುವಾಗ, ಪಹಣಿಯಲ್ಲಿ ಬರೆಯುವಂತೆ ‘ಬಿನ್’ ಎಂದು ತಂದೆಯ ಹೆಸರನ್ನೋ ‘ಕೋಂ’ ಎಂದು ಗಂಡನ ಹೆಸರನ್ನೋ ಸೇರಿಸಿದರೆ ಪೋಸ್ಟ್‌ಮನ್‌ಗೆ ತೊಡಕಾಗದು.

ಗೌರಿ ಹಬ್ಬಕ್ಕೆ ತಂಗಿಗೆ ಬರೆಯುವ ಕಾಗದವನ್ನು ಹದಿನೈದು ದಿನ ಮುಂಚೆಯೇ ಹಾಕಿರಿ. ಹಬ್ಬ ಕಳೆದ ಮೇಲೆ ಬರುವ ತವರಿನ ಕಾಗದವನ್ನು ಆಕೆ ಓದುವ ರೀತಿಯೇ ಬೇರೆ. ಕಾಗದ ಹಾಕಿದ ದಿನವೇ ಅದರ ಸಂಖ್ಯೆ, ತಾರೀಖು, ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ, ‘ಯಾಕೆ ಬರೆಯಲಿಲ್ಲ’ ಎಂದು ಕೇಳುವ ಬದಲು, ಆ ಪ್ರಶ್ನೆಗಳನ್ನು ಮುಂದಿನ ಸಂಖ್ಯೆಯ ಕಾಗದದಲ್ಲಿ ಇನ್ನೊಮ್ಮೆ ಬರೆದು ಹಾಕಿರಿ.