ಅಲ್ಟ್ರಾಕ್ಕೆ ಮುನ್ನ ಎತ್ತರದ ಬೆಟ್ಟದ ಓಟ: ಬೆಳಗಾವಿಯಿಂದ ಹೊರಡುವವರಿಗೆ

ನೂರು ಕಿಲೋಮೀಟರಿನ ಅಲ್ಟ್ರಾ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿರುವವರು ಅದಕ್ಕೆ ಐದಾರು ವಾರ ಮೊದಲು, ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲೆ ನಡೆಯುವ ನಲವತ್ತು–ಐವತ್ತು ಕಿಲೋಮೀಟರಿನ ಟ್ರೇಲ್ (ಬೆಟ್ಟದ ಕಾಲುದಾರಿಯ) ಓಟವೊಂದನ್ನು ಅಭ್ಯಾಸವೆಂದೇ ತಿಳಿದು ಓಡುವುದು ಒಳ್ಳೆಯದು. ಹೊಟ್ಟೆ, ಉಸಿರು, ತೊಡೆ ಮೂರೂ ಒಟ್ಟಿಗೆ ಪರೀಕ್ಷೆಗೆ ಒಳಗಾಗುವ ಸಂದರ್ಭ ಊರಿನ ಅಭ್ಯಾಸದಲ್ಲಿ ಸುಲಭವಾಗಿ ಒದಗುವುದಿಲ್ಲ. ಆದರೆ ಅಲ್ಲಿ ಪದಕದ ಆಸೆಗೆ ಬಿದ್ದು ಓಡಿದರೆ ಮುಖ್ಯ ಓಟದ ದಿನ ಕಾಲು ಏಳುವುದಿಲ್ಲ. ನಿಗದಿತ ಸಮಯದೊಳಗೆ, ಗಾಯವಿಲ್ಲದೆ ಮುಗಿಸುವುದಷ್ಟೇ ಗುರಿ ಎಂಬುದನ್ನು ಹೆಸರು ನೋಂದಾಯಿಸುವ ದಿನವೇ ಗಟ್ಟಿ ಮಾಡಿಕೊಳ್ಳಬೇಕು.

ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಇಂಥ ಓಟಗಳು ನಡೆಯುವ ಲಡಾಖ್‌ನ ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ. 21ರಷ್ಟೇ ಇದ್ದರೂ, ಲೇಹ್‌ನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಸುಮಾರು 1,500 ಮೀಟರ್ ದಾಟಿದ ಮೇಲೆ ಪ್ರತಿ ಸಾವಿರ ಮೀಟರಿಗೆ ದೇಹದ ಗರಿಷ್ಠ ಆಮ್ಲಜನಕ ಬಳಕೆ ಶೇ. ಆರರಿಂದ ಹತ್ತರಷ್ಟು ಕುಗ್ಗುತ್ತದೆ. ಹೀಗಾಗಿ ಊರಿನ ವೇಗದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಆ ಗಾಳಿಯನ್ನು ಇಲ್ಲಿಗೆ ತರಲಾಗದು. ಆದರೆ ಕಾಲನ್ನೂ ಹೊಟ್ಟೆಯನ್ನೂ ಇಲ್ಲಿಯೇ ಪಳಗಿಸಬಹುದು. ಯಳ್ಳೂರಿನ ರಾಜಹಂಸಗಡವನ್ನು ವಾರಕ್ಕೊಮ್ಮೆ ಹಲವು ಬಾರಿ ಹತ್ತಿ ಇಳಿಯುವುದು ನನ್ನ ದೃಷ್ಟಿಯಲ್ಲಿ ಬಯಲಿನ ಮೂವತ್ತು ಕಿಲೋಮೀಟರ್ ಓಟಕ್ಕಿಂತ ಹೆಚ್ಚು ಉಪಯುಕ್ತ. ಏರನ್ನು ಓಡಬೇಡಿ, ಅಂಗೈಗಳನ್ನು ಮೊಣಕಾಲಿನ ಮೇಲೆ ಊರಿ, ಚಿಕ್ಕ ಹೆಜ್ಜೆಯಿಟ್ಟು ಬಿರುಸಾಗಿ ನಡೆಯುವುದನ್ನು ರೂಢಿಸಿಕೊಳ್ಳಿ, ಏಕೆಂದರೆ ಹಿಮಾಲಯದಲ್ಲಿ ನೀವು ಮಾಡಲಿರುವುದು ಅದನ್ನೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಎಳೆಯಲ್ಪಡುತ್ತಲೇ ದೇಹದ ಭಾರವನ್ನು ತಡೆಯುತ್ತವೆ, ಅದರಿಂದ ಅವುಗಳ ಎಳೆಗಳಲ್ಲಿ ಸೂಕ್ಷ್ಮ ಸೀಳುಗಳು ಉಂಟಾಗಿ ಮರುದಿನ ಮೆಟ್ಟಿಲಿಳಿಯುವುದೂ ಕಷ್ಟವಾಗುತ್ತದೆ. ಒಮ್ಮೆ ಈ ನೋವನ್ನು ಉಂಡ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅದೇ ಪೆಟ್ಟಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬೆಟ್ಟದ ಓಟವನ್ನು ಅಲ್ಟ್ರಾಕ್ಕೆ ಐದಾರು ವಾರ ಮೊದಲು ಇಟ್ಟುಕೊಳ್ಳಬೇಕೆನ್ನುವುದು ಇದೇ ಕಾರಣಕ್ಕೆ: ಹಾನಿ ಮಾಯಲು ಸಮಯ ಸಿಗುತ್ತದೆ, ಆದರೆ ಗಳಿಸಿದ ರಕ್ಷಣೆ ಇನ್ನೂ ಉಳಿದಿರುತ್ತದೆ.

ಮಳೆಗಾಲದಲ್ಲಿ ಗಡದ ದಾರಿಯ ಕೆಂಪು ಮಣ್ಣು ಬೂಟಿನ ಅಡಿಯ ಹಲ್ಲುಗಳಲ್ಲಿ ತುಂಬಿಕೊಂಡು, ನಾಲ್ಕು ಹೆಜ್ಜೆಯಲ್ಲೇ ಹಿಡಿತ ತಪ್ಪಿಸುತ್ತದೆ. ಆ ದಿನಗಳನ್ನು ತಪ್ಪಿಸಿಕೊಳ್ಳದೆ, ಜಾರುವ ನೆಲದಲ್ಲಿ ಕಾಲಿಡುವ ಬಗೆಯನ್ನು ಅಲ್ಲಿಯೇ ಕಲಿಯಿರಿ. ಬಾಗಲಕೋಟೆಯವರಿಗೆ ಬಾದಾಮಿಯ ಮರಳುಗಲ್ಲಿನ ಗುಡ್ಡಗಳಿವೆ. ವಿಜಯಪುರದ ಬಯಲಿನಲ್ಲಿ ಏರು ಸಿಗದಿದ್ದರೂ ಬಿಸಿಲಿದೆ. ಬಿಸಿಲಿನಲ್ಲಿ ಹತ್ತು–ಹದಿನಾಲ್ಕು ದಿನ ಎಚ್ಚರಿಕೆಯಿಂದ ನಿಧಾನವಾಗಿ ಓಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ. ಈ ಲಾಭ ಕೆಲವೇ ವಾರ ನಿಲ್ಲುವುದರಿಂದ ಮೇ ತಿಂಗಳ ಬಿಸಿಲು ಜೂನ್ ಓಟಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿಕೊಳ್ಳಿ. ಕಬ್ಬಿಣದ ಅಂಶ ಕಡಿಮೆಯಿದ್ದರೆ ಎತ್ತರದಲ್ಲಿ ದೇಹಕ್ಕೆ ಹೊಸ ಕೆಂಪು ರಕ್ತಕಣಗಳನ್ನು ಕಟ್ಟಲು ಆಗುವುದಿಲ್ಲ.

ಮೊದಲ ಸಲ ಲೇಹ್‌ಗೆ ವಿಮಾನದಲ್ಲಿ ಇಳಿದಾಗ ನಾನು ಮರುದಿನ ಬೆಳಿಗ್ಗೆಯೇ ಐದು ಕಿಲೋಮೀಟರ್ ಓಡಿದೆ. ಮಧ್ಯಾಹ್ನದಿಂದ ತಲೆ ಸಿಡಿಯತೊಡಗಿತು, ಅನ್ನ ಸೇರಲಿಲ್ಲ, ಎರಡು ರಾತ್ರಿ ನಿದ್ದೆ ಬರಲಿಲ್ಲ, ಓಟದ ದಿನದವರೆಗೂ ಬಲ ಮರಳಲಿಲ್ಲ. ಆದ್ದರಿಂದ ಒತ್ತಿ ಹೇಳುತ್ತೇನೆ: ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ, ಮೂರನೆಯ ದಿನ ನಡಿಗೆ, ಆನಂತರವೇ ಹಗುರವಾದ ಓಟ, ಒಟ್ಟು ಕನಿಷ್ಠ ಒಂದು ವಾರ, ರಜೆ ಸಿಕ್ಕರೆ ಹತ್ತು ದಿನ ಮೊದಲೇ ತಲುಪಿರಿ. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಸಲ್ಫಾ ಔಷಧ ಒಗ್ಗದವರು ಆ ಸಂಗತಿಯನ್ನು ಅವರಿಗೆ ಮೊದಲೇ ತಿಳಿಸಬೇಕು. ತಲೆನೋವಿನೊಂದಿಗೆ ವಾಕರಿಕೆ ಇದ್ದರೆ ಮೇಲಕ್ಕೆ ಹೋಗಬೇಡಿ. ಕುಳಿತಲ್ಲಿಯೇ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ, ಒಂದು ಕಾಲಿನ ಹೆಬ್ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲಾಗದೆ ವಾಲಿದರೆ, ರಾತ್ರಿಯಾಗಿದ್ದರೂ ಕೂಡಲೇ ಕೆಳಗಿಳಿದು ಚಿಕಿತ್ಸೆ ಪಡೆಯಬೇಕು. ಓಟ ಮತ್ತೊಮ್ಮೆ ಬರುತ್ತದೆ.

ಓಟದ ದಿನ ಉಸಿರೇ ನಿಮ್ಮ ಗಡಿಯಾರ. ಜೊತೆಗಿರುವವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗದಷ್ಟು ಏದುಸಿರು ಬಂದರೆ ನಿಧಾನಿಸಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ, ಆದ್ದರಿಂದ ಗಾಳಿ ತಡೆಯುವ ಜಾಕೆಟ್, ಕೈಗವಸು, ಟೋಪಿ ಚೀಲದಲ್ಲಿ ಇರಲೇಬೇಕು. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದರೂ ಗಂಟೆಗೆ ಅರವತ್ತು ಗ್ರಾಂನಷ್ಟು ಪಿಷ್ಟ–ಸಕ್ಕರೆ ಒಳಗೆ ಹೋಗಬೇಕು. ಗೋಕಾಕದ ಕರದಂಟು ಇದಕ್ಕೆ ಭಾಗಶಃ ಒದಗುತ್ತದೆ: ಬೆಲ್ಲ ಬೇಗ ಬಲ ಕೊಡುತ್ತದೆ, ಆದರೆ ತುಪ್ಪ ಮತ್ತು ಗೋಡಂಬಿ–ಬಾದಾಮಿಗಳ ಜಿಡ್ಡು ನಿಧಾನವಾಗಿ ಜೀರ್ಣವಾಗುವುದರಿಂದ ಅದೊಂದನ್ನೇ ನಂಬಬಾರದು. ಚಳಿಗೆ ಅದು ಕಲ್ಲಿನಂತಾಗುತ್ತದೆ. ಮನೆಯಲ್ಲಿಯೇ ಹುಣಸೆ ಬೀಜದಷ್ಟು ತುಂಡು ಮಾಡಿ, ಮೈಗೆ ಹತ್ತಿರದ ಜೇಬಿನಲ್ಲಿ ಇಟ್ಟುಕೊಳ್ಳಿ. ಉಪ್ಪು, ಸಕ್ಕರೆ ಬೆರೆಸಿದ, ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಯ ಪಾನಕ ನನ್ನ ಹೊಟ್ಟೆಗೆ ಸದಾ ಒಗ್ಗಿದೆ. ನೋವಿನ ಮಾತ್ರೆ ನುಂಗಿ ಓಡಬೇಡಿ. ದೀರ್ಘ ಓಟದಲ್ಲಿ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿರಲಿ, ಕಣ್ಣು ಮೂರು–ನಾಲ್ಕು ಹೆಜ್ಜೆ ಮುಂದಿರಲಿ. ಇಲ್ಲಿ ಹಿಂದಿಕ್ಕುವವರನ್ನು ಹಿಂದಿಕ್ಕಲು ಬಿಡಿ.

ಊರಿಗೆ ಮರಳಿದ ಮೇಲೆ ಒಂದು ವಾರ ನಡಿಗೆ ಸಾಕು. ಹತ್ತನೆಯ ದಿನ ಮನೆಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದು ನೋಡಿ. ತೊಡೆ ನೋಯದಿದ್ದರೆ ಮಾತ್ರ ಮತ್ತೆ ಗಡಕ್ಕೆ ಹೋಗಿ. ಅಷ್ಟರೊಳಗೆ, ಎಷ್ಟನೆಯ ಗಂಟೆಗೆ ತಿನಿಸು ಬೇಡವಾಯಿತು, ಎಲ್ಲಿ ಬೆರಳು ಮರಗಟ್ಟಿತು, ಬೂಟು ಎಲ್ಲಿ ಉಜ್ಜಿತು ಎಂಬುದನ್ನು ನೆನಪು ಮಾಸುವ ಮುನ್ನ ಬರೆದಿಟ್ಟುಕೊಳ್ಳಿ. ಅಲ್ಟ್ರಾದ ಚೀಲ ತುಂಬುವಾಗ ಆ ಹಾಳೆ ಎದುರಿಗಿರಲಿ.